ಕೊನೆಯ ದಿನಗಳು ಮನೆಯಲ್ಲೇ: ಉತ್ತರ ಕನ್ನಡದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪ ತೀರಿಕೊಂಡದ್ದು ಆಂಬುಲೆನ್ಸ್‌ನಲ್ಲಿ. ರಾತ್ರಿ ಎರಡೂವರೆ, ಗಾಡಿ ಭಟ್ಕಳ ದಾಟಿ ಬೈಂದೂರಿನ ಹತ್ತಿರ ಹೋಗಿತ್ತು. ಲಿವರ್ ಕ್ಯಾನ್ಸರ್. ಎರಡು ತಿಂಗಳ ಮೊದಲೇ ಡಾಕ್ಟರು "ಇನ್ನು ಇಲ್ಲಿ ಮಾಡುವಂಥದ್ದೇನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದಿದ್ದರು. ಕರೆತಂದೆವು. ಮನೆಯಲ್ಲಿ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ರಾತ್ರಿ ಉಸಿರು ಗೊರಗೊರ ಅನ್ನತೊಡಗಿದಾಗ ಎಲ್ಲರೂ ಹೆದರಿದೆವು, ಗಾಡಿ ಕರೆಸಿದೆವು. ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದರು. ಹಿಂದೆ ಗಂಡನ ಉಸಿರು ನಿಂತದ್ದು ಅವರಿಗೆ ತಿಳಿದದ್ದು ಡ್ರೈವರ್ ಸೈರನ್ ಬಂದ್ ಮಾಡಿದಾಗ.

ಕೆಲವು ವರ್ಷದ ನಂತರ ಅಪ್ಪನ ಸರದಿ ಬಂತು. ಅಪ್ಪ ಅಂಕೋಲಾ ಹತ್ತಿರದ ನಮ್ಮ ಮನೆಯಲ್ಲೇ, ನಡುಮನೆಯ ಕಿಟಕಿ ಪಕ್ಕ, ಆಯಿಯ (ನಮ್ಮಮ್ಮನ) ಕೈ ಹಿಡಿದುಕೊಂಡೇ ಹೋದರು. ಕಾಯಿಲೆ ಹೆಚ್ಚುಕಡಿಮೆ ಅದೇ ಆಗಿತ್ತು. ಈ ಸಲ ನಾವು ಮೊದಲೇ ತಯಾರಾಗಿದ್ದೆವು, ಅಷ್ಟೇ ವ್ಯತ್ಯಾಸ. ಆಮೇಲೆ ನೆಂಟರ, ಊರವರ ಹಲವು ಮನೆಗಳಲ್ಲಿ ಇದೇ ಕೆಲಸಕ್ಕೆ ಜೊತೆ ನಿಂತಿದ್ದೇನೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಹಾಗಾಗಿ ಯಾವ ಔಷಧಿ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಉಳಿದದ್ದನ್ನು ನಾನು ಕಲಿತ ಹಾಗೆ ಹೇಳುತ್ತೇನೆ.

ಹಾಸ್ಪಿಸ್ ಅಂದರೆ ಏನು, ನಮಗೆಲ್ಲಿ ಸಿಗುತ್ತದೆ

ವಾಸಿಯಾಗದ ಕಾಯಿಲೆಯಲ್ಲಿ ಕೊನೆಯ ತಿಂಗಳುಗಳನ್ನು ನೋವಿಲ್ಲದೆ, ತಮ್ಮವರ ನಡುವೆ ಕಳೆಯುವಂತೆ ನೋಡಿಕೊಳ್ಳುವುದೇ ಹಾಸ್ಪಿಸ್. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಶುರು ಮಾಡಿದ ಸೇಂಟ್ ಕ್ರಿಸ್ಟೋಫರ್ಸ್‌ನಿಂದ ಈಗಿನ ರೂಪ ಬಂತು. ನಮ್ಮ ದೇಶದಲ್ಲಿ ಮೊದಲನೆಯದು ಮುಂಬೈಯ ಶಾಂತಿ ಅವೇದನಾ ಸದನ, 1986ರಲ್ಲಿ. ಅವರದೇ ಒಂದು ಸದನ ಗೋವಾದ ಲೌಟೋಲಿಯಲ್ಲೂ ಇದೆ, ಮಡಗಾಂವ್ ಹತ್ತಿರ. ಕಾರವಾರದವರಿಗೆ ಇದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್, ಅಂದರೆ ನೋವು ತಗ್ಗಿಸುವ ಆರೈಕೆಯ ವಿಭಾಗವೇ ಇದೆ. ಎಲ್ಲಿಗೆ ಹೋಗುವುದಿದ್ದರೂ ಮೊದಲು ಫೋನ್ ಮಾಡಿ, ಜಾಗ ಇದೆಯಾ ಕೇಳಿ, ರಿಪೋರ್ಟ್ ಕಳಿಸಿ. ರೋಗಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ ಬಾಗಿಲು ತಟ್ಟಬೇಡಿ.

ಆದರೆ ಹೆಚ್ಚಿನವರಿಗೆ ಬೇಕಿರುವುದು ಕಟ್ಟಡ ಅಲ್ಲ. ಕೇಳಿದರೆ ಎಲ್ಲರೂ ಹೇಳುವುದು ಒಂದೇ, "ನನ್ನ ಮನೆಗೆ ಕರ್ಕೊಂಡು ಹೋಗಿ." ಕೋಯಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಕೆಲಸ ಇಡೀ ಕೇರಳಕ್ಕೆ ಹಬ್ಬಿದ್ದು ಹೀಗೇ. ನರ್ಸ್ ಮನೆಗೆ ಬರುತ್ತಾರೆ, ಅಕ್ಕಪಕ್ಕದವರು ಸರದಿಯಲ್ಲಿ ಕೂರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಪ್ರತಿ ಮನೆಯೂ ತಾನೇ ಜೋಡಿಸಿಕೊಳ್ಳಬೇಕು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಮೂರು: ಫೋನ್ ಎತ್ತುವ ಒಬ್ಬ ಡಾಕ್ಟರ್, ನೋವಿನ ಔಷಧಿ, ರಾತ್ರಿ ಎಚ್ಚರ ಇರುವ ಜನ.

ಮೊದಲ ಹೆಜ್ಜೆ: ಡಾಕ್ಟರ ಹತ್ತಿರ ನೇರವಾಗಿ ಕೇಳಿ

"ಎಷ್ಟು ದಿನ?" ಅಂತ ಕೇಳಿದರೆ ಡಾಕ್ಟರು ಮೇಲೆ ಕೈ ತೋರಿಸುತ್ತಾರೆ. ಹಾಗಾಗಿ ಪ್ರಶ್ನೆ ಬದಲಿಸಿ. "ಇವರಿಗೆ ಉಳಿದಿರುವುದು ವರ್ಷಗಳಾ, ತಿಂಗಳುಗಳಾ, ವಾರಗಳಾ?" ಅಂತ ಕೇಳಿ. ಇದಕ್ಕೆ ಹೆಚ್ಚಿನ ಡಾಕ್ಟರು ಉತ್ತರ ಕೊಡುತ್ತಾರೆ. ಮುಂದೆ ಏನೇನು ತೊಂದರೆ ಬರಬಹುದು, ಬಂದಾಗ ಮನೆಯಲ್ಲೇ ಏನು ಮಾಡಬಹುದು, ಯಾವುದಕ್ಕೆ ಮಾತ್ರ ಆಸ್ಪತ್ರೆಗೆ ಬರಬೇಕು, ಇದನ್ನೂ ಕೇಳಿ ಬರೆದುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆ ಯಾವ ಹಂತದಲ್ಲಿದೆ, ಇನ್ನು ಮುಂದೆ ಆರೈಕೆ ಮಾತ್ರ ಅನ್ನುವುದನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. ಈ ಒಂದು ಕಾಗದ ಮುಂದೆ ಎರಡು ಸಲ ಉಪಯೋಗಕ್ಕೆ ಬರುತ್ತದೆ. ಊರಿನ ಡಾಕ್ಟರಿಗೆ ತೋರಿಸಲು ಒಂದು ಸಲ, ಸಾವಿನ ಕಾರಣ ಬರೆಸಲು ಇನ್ನೊಂದು ಸಲ.

ಎರಡನೆಯದು: ಹತ್ತಿರದಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ

ನಮ್ಮ ಜಿಲ್ಲೆಯ ಕಷ್ಟ ನಮಗೆಲ್ಲ ಗೊತ್ತಿದ್ದದ್ದೇ. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಆದರೂ ದೊಡ್ಡ ಕಾಯಿಲೆ ಅಂದರೆ ಕರಾವಳಿಯವರು ಮಣಿಪಾಲ, ಮಂಗಳೂರು ಅಥವಾ ಗೋವಾದ ಬಾಂಬೋಳಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಹೊರಡುತ್ತಾರೆ. ಕಾರವಾರದಿಂದ ಮಣಿಪಾಲ ಸುಮಾರು 200 ಕಿಲೋಮೀಟರ್. ಶಿರಸಿಯಿಂದ ಹುಬ್ಬಳ್ಳಿ 100. ಚಿಕಿತ್ಸೆಗೆ ಅಷ್ಟು ದೂರ ಹೋಗಲೇಬೇಕು, ಸರಿ. ಸಾಯುವ ರಾತ್ರಿ ಆ ದೂರ ಬೇಡ.

ಹಾಗಾಗಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನೋ, ಯಾವತ್ತೂ ತೋರಿಸುವ ಪೇಟೆಯ ಡಾಕ್ಟರನ್ನೋ ಮೊದಲೇ ಕಂಡು ಮಾತಾಡಿ. ರಿಪೋರ್ಟ್ ಕೊಡಿ. "ಮನೆಯಲ್ಲೇ ನೋಡಿಕೊಳ್ಳಬೇಕು ಅಂತಿದ್ದೇವೆ. ರಾತ್ರಿ ಫೋನ್ ಮಾಡಬಹುದಾ? ಕೊನೆಗೆ ಮನೆಗೆ ಬಂದು ನೋಡಿ ಸರ್ಟಿಫಿಕೇಟ್ ಕೊಡ್ತೀರಾ?" ಅಂತ ಬಾಯಿಬಿಟ್ಟು ಕೇಳಿ. ಒಬ್ಬರು ಆಗಲ್ಲ ಅಂದರೆ ಇನ್ನೊಬ್ಬರನ್ನು ಕೇಳಿ. ಆಶಾ ಕಾರ್ಯಕರ್ತೆಗೂ ತಿಳಿಸಿ. ಯಾವ ನರ್ಸ್ ಮನೆಗೆ ಬಂದು ಇಂಜೆಕ್ಷನ್ ಕೊಡುತ್ತಾರೆ, ಕ್ಯಾಥೆಟರ್ (ಮೂತ್ರದ ನಳಿಗೆ) ಬದಲಿಸುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ವಿಭಾಗದಲ್ಲಿ ಪ್ಯಾಲಿಯೇಟಿವ್ ಸೇವೆ ಬಗ್ಗೆ ವಿಚಾರಿಸಿ. 2012ರಿಂದ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ.

ಮೂರನೆಯದು: ಮಲಗಿದವರನ್ನೇ ಕೇಳಿ

ಮನೆಯಲ್ಲಿ ನಡೆಯುವ ದೊಡ್ಡ ತಪ್ಪು ಇದು. "ಅವರಿಗೆ ಹೇಳ್ಬೇಡಿ, ಧೈರ್ಯ ಕಳ್ಕೊಳ್ತಾರೆ" ಅಂತ ಎಲ್ಲರೂ ಬಾಗಿಲಾಚೆ ಪಿಸುಗುಟ್ಟುತ್ತೇವೆ. ಅವರಿಗೆ ಗೊತ್ತಿರುತ್ತದೆ. ನಮಗೆ ಬೇಜಾರಾಗಬಾರದು ಅಂತ ಅವರೂ ಸುಮ್ಮನಿರುತ್ತಾರೆ. ಎರಡೂ ಕಡೆ ಪ್ರೀತಿಯೇ, ಆದರೆ ನಡುವೆ ಒಂದು ಗೋಡೆ.

ಅಪ್ಪನ ಹತ್ತಿರ ನಾನು ಕೇಳಿದ್ದು ಇಷ್ಟೇ: "ಅಪ್ಪ, ಯಾವ ವಿಷಯ ಮನಸ್ಸಿಗೆ ಚುಚ್ತಾ ಇದೆ?" ಸುಮಾರು ಹೊತ್ತು ಮನೆಯ ಮಾಡು ನೋಡುತ್ತಾ ಇದ್ದರು. ಆಮೇಲೆ ಹೇಳಿದರು, "ಮತ್ತೆ ಆಸ್ಪತ್ರೆ ಬೇಡ. ಆಯಿ ಒಬ್ಬಳೇ ಆಗ್ಬಾರ್ದು. ತೋಟದ ಪಂಪಿನ ಸಾಲ ತೀರ್ಸಿ." ಮೂರು ವಾಕ್ಯ. ಮುಂದಿನ ಆರು ವಾರ ನಮಗೆ ದಾರಿ ತೋರಿಸಿದ್ದು ಆ ಮೂರು ವಾಕ್ಯ.

ಎಲ್ಲಿರಲು ಇಷ್ಟ, ಯಾರನ್ನು ನೋಡಬೇಕು ಅನಿಸುತ್ತಿದೆ, ಯಾವ ಪೂಜೆ, ಪ್ರಾರ್ಥನೆ ಬೇಕು, ಮಾತು ನಿಂತ ಮೇಲೆ ಅವರ ಪರವಾಗಿ ಯಾರು ತೀರ್ಮಾನ ಮಾಡಬೇಕು, ಇದಿಷ್ಟನ್ನು ಒಂದೇ ದಿನ ಕೇಳಬೇಡಿ. ಸಂಜೆ ಕಾಲು ಒತ್ತುತ್ತಾ, ಮೈ ಒರೆಸುತ್ತಾ ಒಂದೊಂದಾಗಿ ಕೇಳಿ.

ವೆಂಟಿಲೇಟರ್, ಐಸಿಯು ಬೇಡ ಅನ್ನುವವರು ಅದನ್ನು ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಈ ಹಕ್ಕನ್ನು ಒಪ್ಪಿತು, 2023ರ ಜನವರಿಯಲ್ಲಿ ನಿಯಮಗಳನ್ನು ಸುಲಭ ಮಾಡಿತು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರವೂ ಇದರ ಜಾರಿಗೆ ಆದೇಶ ಹೊರಡಿಸಿತು. ಬುದ್ಧಿ ಸ್ಥಿಮಿತದಲ್ಲಿರುವ ಯಾವುದೇ ವಯಸ್ಕರು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಆಯಿತು. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವ ವಿಷಯ ಅಲ್ಲ. ಉಪಯೋಗವಿಲ್ಲದ ಯಂತ್ರಕ್ಕೆ ಕಟ್ಟಿಹಾಕಬೇಡಿ ಅನ್ನುವ ಮಾತು. ಮನೆಯಲ್ಲೇ ಇರುವವರಿಗೆ ಈ ಕಾಗದ ಕಡ್ಡಾಯವೇನೂ ಅಲ್ಲ. ಆದರೆ ದೂರದಿಂದ ಬಂದ ಮಗನೋ ಅಳಿಯನೋ "ಐಸಿಯುಗೆ ಯಾಕೆ ಹಾಕಲಿಲ್ಲ?" ಅಂತ ಕೂಗಾಡಿದಾಗ, ತೋರಿಸಲು ಅವರ ಕೈಬರಹವೇ ಇರುತ್ತದೆ.

ನಾಲ್ಕನೆಯದು: ಮನೆ ಸಜ್ಜು ಮಾಡುವುದು, ಮಳೆಗಾಲ ನೆನಪಿಟ್ಟುಕೊಂಡು

ಒಳಕೋಣೆ ಬೇಡ. ಗಾಳಿ, ಬೆಳಕು, ಜನರ ಓಡಾಟ ಕಾಣುವ ಜಾಗ ಬೇಕು. ಮಂಚದ ಎರಡೂ ಬದಿ ಮನುಷ್ಯ ನಿಲ್ಲುವಷ್ಟು ಜಾಗ ಬಿಡಿ, ಇಲ್ಲದಿದ್ದರೆ ಹೊರಳಿಸುವವರ ಸೊಂಟ ಹೋಗುತ್ತದೆ. ಮಲಗಿ ಮಲಗಿ ಬೆನ್ನು ಹುಣ್ಣಾಗದಂತೆ ಗಾಳಿ ಹಾಸಿಗೆ ತನ್ನಿ. ಅದಿದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಬೆನ್ನು, ಸೊಂಟ, ಹಿಮ್ಮಡಿ ದಿನಾ ನೋಡಿ. ಕೆಂಪಾದ ಜಾಗವನ್ನು ತಿಕ್ಕಬೇಡಿ, ಆ ಬದಿಗೆ ಭಾರ ಬೀಳದ ಹಾಗೆ ಮಲಗಿಸಿ. ಬಾಯಿ, ಕತ್ತಿನ ಕ್ಯಾನ್ಸರ್ ಇದ್ದರೆ ರಕ್ತಸ್ರಾವ ಆಗಬಹುದು. ಹಳೆಯ ಕಪ್ಪು, ಕಡುಗೆಂಪು ಟವೆಲ್‌ಗಳನ್ನು ಕೈಗೆ ಸಿಗುವಂತೆ ಇಡಿ. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡರೆ ರೋಗಿಯೂ ಹೆದರುತ್ತಾರೆ, ನೀವೂ ಹೆದರುತ್ತೀರಿ. ಹುಣ್ಣಿನ ವಾಸನೆಗೆ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸುವ ಕ್ರಮ ಇದೆ, ನರ್ಸ್ ಹತ್ತಿರ ಕೇಳಿ ಕಲಿಯಿರಿ. ವಾಸನೆ ಹೋದರೆ ನೆಂಟರು ಹತ್ತಿರ ಕೂರುತ್ತಾರೆ. ರೋಗಿಗೆ ಅದೂ ಔಷಧಿಯೇ.

ಮಳೆಗಾಲದ ಮಾತು ಬೇರೆಯೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಹಲವು ದಿನ ಬಂದ್ ಆಗಿತ್ತು. ಮೂರು ವಾರದಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿ ನದಿಯ ಹಳೇ ಸೇತುವೆ ಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಔಷಧಿಯನ್ನೂ "ನಾಳೆ ತಂದರಾಯ್ತು" ಅಂತ ಬಿಡಬೇಡಿ. ಕನಿಷ್ಠ ಎರಡು ವಾರದ್ದು ಮನೆಯಲ್ಲಿರಲಿ. ಕರೆಂಟ್ ಹೋದರೆ ಗಾಳಿ ಹಾಸಿಗೆಯ ಪಂಪ್ ನಿಲ್ಲುತ್ತದೆ, ಆಕ್ಸಿಜನ್ ಯಂತ್ರವೂ ನಿಲ್ಲುತ್ತದೆ. ಇನ್ವರ್ಟರ್ ಇಲ್ಲದ ಮನೆಯವರು ಯಾರ ಮನೆಯಲ್ಲಿ ಇದೆ ನೋಡಿಟ್ಟುಕೊಳ್ಳಿ. ಟಾರ್ಚ್, ಚಾರ್ಜ್ ಆದ ಪವರ್ ಬ್ಯಾಂಕ್ ಇರಲಿ. ಮನೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಅನ್ನುವುದು ಪಾಳಿಗೆ ಬಂದವರಿಗೆಲ್ಲ ಗೊತ್ತಿರಲಿ. ಹೇಳಲು ಕಷ್ಟ, ಆದರೆ ಹೇಳುತ್ತೇನೆ: ಒಣ ಕಟ್ಟಿಗೆಯನ್ನೂ ಮೊದಲೇ ಸೂರಿನಡಿ ಇಡಿಸಿ. ಈ ಕೆಲಸ ಪಕ್ಕದ ಮನೆಯವರಿಗೆ ಒಪ್ಪಿಸಿ, ರೋಗಿಯ ಕಣ್ಣೆದುರು ಬೇಡ.

ಐದನೆಯದು: ನೋವಿಗೆ ಮಾರ್ಫಿನ್ ಕೊಟ್ಟರೆ ಹೆದರಬೇಡಿ

ನೋವಿನಿಂದ ನರಳುವವರ ಮನೆಗಳಲ್ಲಿ ಮಾರ್ಫಿನ್ ಪಟ್ಟಿ ಡಬ್ಬಿಯಲ್ಲಿ ಹಾಗೇ ಬಿದ್ದಿರುವುದನ್ನು ನೋಡಿದ್ದೇನೆ. ಕೇಳಿದರೆ "ಚಟ ಹತ್ತುತ್ತಂತೆ", "ಅದು ಕೊಟ್ರೆ ಬೇಗ ಹೋಗ್ತಾರಂತೆ" ಅನ್ನುತ್ತಾರೆ. ಎರಡೂ ಸರಿಯಲ್ಲ. ಕ್ಯಾನ್ಸರ್ ನೋವಿಗೆ ಡಾಕ್ಟರು ಅಳೆದು ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ನೋವು ತಗ್ಗಿದರೆ ಅವರು ನಿದ್ದೆ ಮಾಡುತ್ತಾರೆ, ಎರಡು ಮಾತಾಡುತ್ತಾರೆ.

ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಅದಕ್ಕೇ ಗಡಿಯಾರ ನೋಡಿ ಕೊಡಬೇಕು. ನೋವು ಬಂದ ಮೇಲೆ ಕೊಡೋಣ ಅಂತ ಕಾಯಬಾರದು. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ಆಮೇಲೆ ತಗ್ಗುತ್ತದೆ. ಮಲಬದ್ಧತೆ ಮಾತ್ರ ತಗ್ಗುವುದಿಲ್ಲ. ಮೊದಲ ದಿನದಿಂದಲೇ ಅದಕ್ಕೂ ಔಷಧಿ ಬರೆಸಿಕೊಳ್ಳಿ. ಒಮ್ಮೆಲೇ ನಿಲ್ಲಿಸಬೇಡಿ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಡಾಕ್ಟರಿಗೆ ಫೋನ್ ಮಾಡಿ. ನುಂಗಲು ಆಗದ ದಿನ ಬಂದೇ ಬರುತ್ತದೆ. ಆಗ ಏನು ಕೊಡುವುದು, ಚರ್ಮದಡಿ ಇಂಜೆಕ್ಷನ್ನಾ, ಅಂಟಿಸುವ ಪ್ಯಾಚಾ, ಈಗಲೇ ಕೇಳಿಡಿ. ಮಾರ್ಫಿನ್ ಎಲ್ಲ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. 2014ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳಬಹುದು. ಅಲ್ಲಿಂದಲೇ ಲೆಕ್ಕ ಹಾಕಿ ತನ್ನಿ. ಉಳಿದದ್ದನ್ನು ಅಲ್ಲಿಗೇ ಹಿಂದಿರುಗಿಸಿ.

ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ಯಾವ ಔಷಧಿ ಕೊಟ್ಟಿರಿ, ನೋವು ಹೇಗಿತ್ತು, ಮೂತ್ರ ಹೋಯಿತಾ, ಇಷ್ಟು ಸಾಕು. ಬೆಳಗಿನ ಪಾಳಿಯವರು ರಾತ್ರಿಯವರನ್ನು ಎಬ್ಬಿಸಿ ಕೇಳುವ ಕಷ್ಟ ತಪ್ಪುತ್ತದೆ.

ಉಸಿರಾಟಕ್ಕೆ ಕಷ್ಟವಾದರೆ ತಲೆಯ ಕಡೆ ಎತ್ತರಿಸಿ, ಕಿಟಕಿ ತೆರೆಯಿರಿ, ಮುಖಕ್ಕೆ ಗಾಳಿ ಬೀಸಿ. ಮುಖದ ಮೇಲೆ ತಣ್ಣನೆ ಗಾಳಿ ಸುಳಿದರೆ ಏದುಸಿರು ಹಗುರಾಗುತ್ತದೆ, ಇದು ವೈದ್ಯರೇ ಒಪ್ಪುವ ವಿಷಯ. ಕರೆಂಟಿಲ್ಲದ ರಾತ್ರಿಗಳಲ್ಲಿ ನಾವು ಅಡಿಕೆ ಹಾಳೆಯ ಬೀಸಣಿಕೆ ಬೀಸಿದೆವು. ಬೀಸುವುದು ನಿಲ್ಲಿಸಿದರೆ ಅಪ್ಪ ಕಣ್ಣು ಬಿಡುತ್ತಿದ್ದರು, ಬೀಸಿದರೆ ಮುಚ್ಚುತ್ತಿದ್ದರು. ಪಕ್ಕದ ಮನೆಯ ಹುಡುಗ, ಒಂಬತ್ತನೇ ಕ್ಲಾಸಿನವನು, ಒಂದು ರಾತ್ರಿ ಪೂರ್ತಿ ಬೀಸಿದ.

ಊಟ, ನೀರು, ಮತ್ತೆ ಆ ಗ್ಲೂಕೋಸ್ ಬಾಟ್ಲಿ

ನೋಡಲು ಬಂದವರೆಲ್ಲ ಕೇಳುವುದು ಒಂದೇ. "ಏನಾದ್ರೂ ತಿಂದ್ರಾ? ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಬಾರ್ದಾ?" ಕೊನೆಯ ದಿನಗಳಲ್ಲಿ ದೇಹವೇ ಊಟ ಬೇಡ ಅನ್ನುತ್ತದೆ. ತಿನ್ನದೇ ಇರುವುದರಿಂದ ಸಾಯುತ್ತಿಲ್ಲ, ಸಾವು ಹತ್ತಿರ ಬಂದಿರುವುದರಿಂದ ತಿನ್ನುತ್ತಿಲ್ಲ. ಇದನ್ನು ಆಯಿಗೆ ಅರ್ಥ ಮಾಡಿಸಲು ನನಗೆ ಒಂದು ವಾರ ಬೇಕಾಯಿತು. ಆ ಹೊತ್ತಿನಲ್ಲಿ ಡ್ರಿಪ್ ಹಾಕಿದರೆ ನೀರು ಕಾಲಿಗೆ ಇಳಿದು ಊತ ಬರಬಹುದು, ಗಂಟಲಲ್ಲಿ ಕಫ ಜಾಸ್ತಿಯಾಗಬಹುದು. ನುಂಗುವವರೆಗೆ ಗಂಜಿ ತಿಳಿ, ಎಳನೀರು, ಅವರಿಗೆ ಇಷ್ಟವಾದದ್ದು ಒಂದೆರಡು ಚಮಚ ಕೊಡಿ, ತಲೆ ಎತ್ತರಿಸಿಯೇ ಕೊಡಿ. ಬೇಡ ಅಂತ ಮುಖ ತಿರುಗಿಸಿದರೆ ನಿಲ್ಲಿಸಿ.

ನುಂಗಲು ಆಗದ ಮೇಲೆ ಬಾಯಿಯ ಆರೈಕೆಯೇ ಊಟ. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಆಗಾಗ ಒರೆಸಿ. ತುಟಿಗೆ ಸ್ವಲ್ಪ ತುಪ್ಪವೋ ತೆಂಗಿನೆಣ್ಣೆಯೋ ಹಚ್ಚಿ. ಗಂಗೆ, ತುಳಸಿ ನೀರು ಬಿಡುವ ಕ್ರಮ ಇರುವ ಮನೆಗಳಲ್ಲಿ ಬಂದವರೆಲ್ಲ ಒಂದೊಂದು ಚಮಚ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ಅವರು ಒದ್ದಾಡುತ್ತಾರೆ. ತುಳಸಿ ದಳ ಅದ್ದಿ ತುಟಿಗೆ ಮುಟ್ಟಿಸಿದರೆ ಸಾಕು. ನಮ್ಮ ಭಟ್ಟರನ್ನು ಕೇಳಿದೆ. "ಮುಟ್ಟಿಸಿದರೆ ಬಿಟ್ಟ ಹಾಗೇ" ಅಂದರು.

ಪಾಳಿ ಹಾಕಿಕೊಳ್ಳಿ

ಹೆಚ್ಚಿನ ಮನೆಗಳಲ್ಲಿ ಒಬ್ಬರೇ, ಹೆಂಡತಿಯೋ ಮಗಳೋ ಸೊಸೆಯೋ, ಎಲ್ಲವನ್ನೂ ಮಾಡಿ ಕೊನೆಗೆ ತಾವೇ ಹಾಸಿಗೆ ಹಿಡಿಯುತ್ತಾರೆ. ರಾತ್ರಿ 10ರಿಂದ 2 ಒಬ್ಬರು, 2ರಿಂದ 6 ಇನ್ನೊಬ್ಬರು. "ಏನಾದ್ರೂ ಬೇಕಾದ್ರೆ ಹೇಳಿ" ಅನ್ನುವವರಿಗೆ ಕೆಲಸ ಕೊಡಿ. ಮಂಗಳವಾರ ರಾತ್ರಿ ಬನ್ನಿ, ಹಾಲು ತಂದಿಡಿ, ಮಗುವನ್ನು ಶಾಲೆಗೆ ಬಿಡಿ, ಅಂತ ನಿರ್ದಿಷ್ಟವಾಗಿ ಹೇಳಿ. ಜನ ಸಹಾಯ ಮಾಡಲು ಕಾಯುತ್ತಿರುತ್ತಾರೆ, ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ, ಅಲ್ವಾ? ನೋಡಲು ಬರುವವರಿಗೆ ಸಮಯ ಇಡಿ. ಸಂಜೆ ಒಂದು ಗಂಟೆ ಸಾಕು.

ಸಮಯ ಹತ್ತಿರ ಬಂದಾಗ

ದೊಡ್ಡಪ್ಪನ ರಾತ್ರಿ ನಮಗೆ ಗೊತ್ತಿಲ್ಲದೆ ಹೋದದ್ದು ಈ ಭಾಗ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ವಾರಗಳ ಮೊದಲೇ ನಿದ್ದೆ ಜಾಸ್ತಿಯಾಗುತ್ತದೆ, ಮಾತು ಕಡಿಮೆಯಾಗುತ್ತದೆ. ದಿನಗಳು ಉಳಿದಾಗ ನುಂಗುವುದು ನಿಲ್ಲುತ್ತದೆ, ಮೂತ್ರ ಕಡಿಮೆಯಾಗಿ ಕಡು ಬಣ್ಣಕ್ಕೆ ತಿರುಗುತ್ತದೆ. ಕೆಲವರು ಸತ್ತುಹೋದ ಅವ್ವನ ಹತ್ತಿರ, ಅಣ್ಣನ ಹತ್ತಿರ ಮಾತಾಡುತ್ತಾರೆ. ಅವರು ಹೆದರದಿದ್ದರೆ ತಿದ್ದಲು ಹೋಗಬೇಡಿ. ಕೆಲವರು ಬಟ್ಟೆ ಎಳೆಯುತ್ತಾರೆ, ಏಳಲು ನೋಡುತ್ತಾರೆ. ಮೂತ್ರ ಕಟ್ಟಿದೆಯಾ, ನೋವಿದೆಯಾ ನೋಡಿ, ಡಾಕ್ಟರಿಗೆ ಹೇಳಿ. ಇದನ್ನು ತಗ್ಗಿಸುವ ಔಷಧಿ ಇದೆ. ಒಮ್ಮೊಮ್ಮೆ ಒಂದು ದಿನ ಇದ್ದಕ್ಕಿದ್ದ ಹಾಗೆ ಚೇತರಿಸಿಕೊಂಡು ಚಹಾ ಕೇಳುತ್ತಾರೆ. ಆ ದಿನವನ್ನು ಆಸ್ಪತ್ರೆಗೆ ಓಡಿ ಕಳೆಯಬೇಡಿ. ದೂರದವರಿಗೆ ವಿಡಿಯೋ ಕಾಲ್ ಮಾಡಿಸಿ.

ಗಂಟೆಗಳು ಉಳಿದಾಗ ಕೈಕಾಲು ತಣ್ಣಗಾಗುತ್ತವೆ, ಮಂಡಿ, ಪಾದಗಳಲ್ಲಿ ನೀಲಿ ಕಲೆ ಕಾಣುತ್ತದೆ. ಉಸಿರು ಜೋರಾಗಿ, ನಿಧಾನವಾಗಿ, ನಿಂತು, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಉಗುಳು ನುಂಗಲು, ಕೆಮ್ಮಲು ಆಗದೆ ಅಲ್ಲೇ ನಿಂತ ನೀರಿನ ಸದ್ದು ಅದು. ಕೇಳುವವರಿಗೆ ಸಂಕಟ. ಅವರು ಆಗ ಅಷ್ಟು ಎಚ್ಚರದಲ್ಲಿ ಇರುವುದಿಲ್ಲ. ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಸ್ವಲ್ಪ ಎತ್ತರಿಸಿ. ಕಫ ತಗ್ಗಿಸುವ ಔಷಧಿ ಡಾಕ್ಟರು ಕೊಟ್ಟಿದ್ದರೆ ಕೊಡಿ. ಆಂಬುಲೆನ್ಸ್ ಕರೆಸುವ ಮನಸ್ಸಾಗುವುದು ಈ ಹೊತ್ತಿನಲ್ಲೇ. ಆಗ 108ಕ್ಕೆ ಬದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಇದಕ್ಕೇ ಮೊದಲೇ ಗೊತ್ತು ಮಾಡಿಟ್ಟುಕೊಂಡದ್ದು.

ಕಿವಿ ಕೇಳಿಸುತ್ತಿರಬಹುದು. ಹಾಗಾಗಿ ಆಸ್ತಿಯ ಮಾತು, ಅಡುಗೆಯವರ ಮಾತು ಅಲ್ಲಿ ಬೇಡ. ಹತ್ತಿರ ಕೂತು ಹೆಸರು ಹಿಡಿದು ಮಾತಾಡಿ. ಆಯಿ ಕೊನೆಗೆ ಹೇಳಿದ್ದು "ನಾ ಇಲ್ಲೇ ಇದ್ದೆ" ಅಂತ ಮಾತ್ರ, ಹತ್ತಿಪ್ಪತ್ತು ಸಲ.

ಕ್ರಮಗಳ ವಿಷಯವೂ ಇದೆ. ಪ್ರಾಣ ಹೋಗುವ ಮೊದಲು ನೆಲಕ್ಕೆ ಇಳಿಸಬೇಕು ಅನ್ನುವ ಮನೆಗಳಲ್ಲಿ, ನೋವಿರುವವರನ್ನು ಗಡಿಬಿಡಿಯಲ್ಲಿ ಎಳೆದಾಡುವುದನ್ನು ನೋಡಿದ್ದೇನೆ. ಎರಡು ದಿನ ಮೊದಲೇ ಹಾಸಿಗೆಯನ್ನೇ ನೆಲದ ಮೇಲೆ ಹಾಕಿದರೆ ಯಾರಿಗೂ ತೊಂದರೆ ಇಲ್ಲ. ಕ್ರೈಸ್ತರ ಮನೆಯಲ್ಲಿ ಪಾದ್ರಿಯವರನ್ನು ಎಚ್ಚರ ಇರುವಾಗಲೇ ಕರೆಸಿ, ಪವಿತ್ರ ಎಣ್ಣೆ ಹಚ್ಚುವ ಅಭ್ಯಂಗ ಬದುಕಿರುವವರಿಗೆ. ಮುಸ್ಲಿಮರ ಮನೆಯಲ್ಲಿ ಕಿಬ್ಲಾ (ಮೆಕ್ಕಾ) ಕಡೆ ಮುಖ ಬರುವಂತೆ ಮಂಚ ಹಾಕುವುದನ್ನು ಮೊದಲೇ ಮಾಡಿಡಬಹುದು. ಘುಸ್ಲ್ (ಶವದ ಸ್ನಾನ) ಮಾಡಿಸುವವರು ಯಾರು ಅಂತಲೂ ತಿಳಿದಿರಲಿ.

ಉಸಿರು ನಿಂತ ಮೇಲೆ

ಏನೂ ಅವಸರ ಇಲ್ಲ. ಗಡಿಯಾರ ನೋಡಿ ಸಮಯ ಬರೆದಿಡಿ. ಕಣ್ಣು ಮುಚ್ಚಿ. ಗಲ್ಲದ ಕೆಳಗಿಂದ ಬಟ್ಟೆ ಕಟ್ಟಿ, ಕೈಕಾಲು ನೇರ ಮಾಡಿ. ಎರಡು ಮೂರು ಗಂಟೆಯಲ್ಲಿ ಮೈ ಬಿಗಿಯಲು ಶುರುವಾಗುತ್ತದೆ. ಸ್ವಲ್ಪ ಹೊತ್ತು ಮನೆಯವರು ಮಾತ್ರ ಜೊತೆ ಕೂತುಕೊಳ್ಳಿ. ಆಮೇಲೆ ಡಾಕ್ಟರಿಗೆ ಫೋನ್.

ಕಣ್ಣು ದಾನ ಮಾಡುವುದಾದರೆ ಆರು ಗಂಟೆಯೊಳಗೆ ಆಗಬೇಕು. ಫ್ಯಾನ್ ಬಂದ್ ಮಾಡಿ, ಮುಚ್ಚಿದ ರೆಪ್ಪೆ ಮೇಲೆ ಒದ್ದೆ ಹತ್ತಿ ಇಡಿ, ತಲೆಯಡಿ ದಿಂಬು ಕೊಡಿ. ಮುಂಬೈಯಿಂದಲೋ ದುಬೈಯಿಂದಲೋ ಮಕ್ಕಳು ಬರುವವರೆಗೆ ಕಾಯಬೇಕಾದರೆ ಶೀತಪೆಟ್ಟಿಗೆ ಬೇಕಾಗುತ್ತದೆ. ಅದರ ಫೋನ್ ನಂಬರ್ ಮೊದಲೇ ನೋಟ್‌ಬುಕ್ಕಿನಲ್ಲಿರಲಿ.

ಕಾಯಿಲೆಯಿಂದ ಮನೆಯಲ್ಲೇ ಆದ ನಿರೀಕ್ಷಿತ ಸಾವಿಗೆ ಪೊಲೀಸರು ಬೇಕಿಲ್ಲ. ಬಿದ್ದು, ವಿಷದಿಂದ, ಅಪಘಾತದಿಂದ ಅಂತ ಅನುಮಾನ ಇದ್ದರೆ ಮಾತ್ರ ತಿಳಿಸಲೇಬೇಕು, ಶವ ಕದಲಿಸಬಾರದು.

ಕಾಗದ ಪತ್ರ

ಇದನ್ನು ಹೆಚ್ಚು ದುಃಖದಲ್ಲಿ ಇಲ್ಲದ ಒಬ್ಬ ನೆಂಟರಿಗೆ ಒಪ್ಪಿಸಿ. ಡಾಕ್ಟರಿಂದ ಸಾವಿನ ಕಾರಣದ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ ಅಥವಾ ಗ್ರಾಮ ಆಡಳಿತ ಅಧಿಕಾರಿ ಹತ್ತಿರ, ಪೇಟೆಯಲ್ಲಾದರೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಯಲ್ಲಿ 21 ದಿನದೊಳಗೆ ಸಾವು ನೋಂದಾಯಿಸಿ. ಆ ಗಡುವಿನೊಳಗೆ ಶುಲ್ಕ ಇಲ್ಲ. 30 ದಿನ ದಾಟಿದರೆ ಮೇಲಧಿಕಾರಿ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ಆಧಾರ್‌ನಲ್ಲಿರುವ ಹೆಸರು, ಪಹಣಿಯಲ್ಲಿರುವ ಹೆಸರು ಹೊಂದುತ್ತದಾ ನೋಡಿ ಬರೆಸಿ. ಒಂದು ಅಕ್ಷರ ತಪ್ಪಿದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಜಮೀನು) ಮಾಡಿಸುವಾಗ ತಿಂಗಳುಗಟ್ಟಲೆ ಅಲೆಯಬೇಕು. ಏಳೆಂಟು ಪ್ರತಿ ತೆಗೆದುಕೊಳ್ಳಿ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ.

ಪಾಸ್‌ಬುಕ್ ತೆಗೆದು ಮೇ ಕೊನೆಯ ಎಂಟ್ರಿಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ. 55 ವರ್ಷದೊಳಗಿನವರಿಗೆ 2 ಲಕ್ಷ ರೂಪಾಯಿ ಬರುತ್ತದೆ, ಯಾವ ಕಾಯಿಲೆಯಿಂದ ಸತ್ತಿದ್ದರೂ. ಎಷ್ಟೋ ಮನೆಯವರಿಗೆ ಇದು ಇತ್ತು ಅನ್ನುವುದೇ ಗೊತ್ತಿರುವುದಿಲ್ಲ. ಬಿಪಿಎಲ್ ಮನೆಯ ದುಡಿಯುವವರು 18ರಿಂದ 59 ವರ್ಷದೊಳಗೆ ತೀರಿಕೊಂಡಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಇದೆ. ವಿಧವಾ ವೇತನಕ್ಕೂ ಅರ್ಜಿ ಹಾಕಿ. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಹದಿಮೂರು ದಿನ ಮುಗಿಯುವ ಮೊದಲು ಯಾವ ಆಸ್ತಿ ಕಾಗದಕ್ಕೂ ಸಹಿ ಹಾಕಬೇಡಿ, ಯಾರು ಎಷ್ಟೇ ಒತ್ತಾಯ ಮಾಡಲಿ.

ಉಳಿದವರು

ಹಾಸ್ಪಿಸ್ ಕೆಲಸ ಸಾವಿನ ದಿನ ಮುಗಿಯುವುದಿಲ್ಲ. ಅಮೆರಿಕದ ಹಾಸ್ಪಿಸ್‌ಗಳು ಆಮೇಲೂ ಒಂದು ವರ್ಷ ಮನೆಯವರನ್ನು ವಿಚಾರಿಸಿಕೊಳ್ಳಬೇಕು ಅಂತ ಅಲ್ಲಿ ನಿಯಮವಿದೆ. ನಮ್ಮಲ್ಲಿ ಹನ್ನೊಂದು, ಹನ್ನೆರಡು, ಮಾಸಿಕ, ವರ್ಷಾಂತ ಅಂತ ಜನ ಸೇರುವ ದಿನಗಳಿವೆ. ಗೋಕರ್ಣಕ್ಕೆ ಹೋಗಿ ಬರುವುದಿದೆ. ಮುಸ್ಲಿಂ ಮನೆಗಳಲ್ಲಿ ಗಂಡ ತೀರಿಕೊಂಡವಳ ಇದ್ದತ್ (ಶೋಕದ ಅವಧಿ) ನಾಲ್ಕು ತಿಂಗಳು ಹತ್ತು ದಿನ. ಕಷ್ಟ ಇರುವುದು ಜನ ಖಾಲಿಯಾದ ಮೇಲಿನ ಮಂಗಳವಾರ, ಬುಧವಾರಗಳಲ್ಲಿ. ಹದಿನಾಲ್ಕನೇ ದಿನ ಬೆಳಿಗ್ಗೆ ಆಯಿ ಎರಡು ಲೋಟ ಚಹಾ ಸೋಸಿದಳು. ಸೋಸಿ ನಿಂತೇ ಇದ್ದಳು. ನಾನು ಎರಡನೇ ಲೋಟ ತೆಗೆದುಕೊಂಡೆ. ಆಮೇಲೆ ದಿನಾ ಆ ಹೊತ್ತಿಗೆ ಅಡುಗೆಮನೆಯಲ್ಲಿ ಇರಲು ಶುರು ಮಾಡಿದೆ. ನಿಮ್ಮ ಮನೆಯಲ್ಲೂ ಅಂಥ ಹೊತ್ತು ಯಾವುದು ಅಂತ ನೋಡಿ.

"ಇಷ್ಟು ದಿನ ಆಯ್ತು, ಇನ್ನಾದ್ರೂ ಮರೀಬೇಕು" ಅನ್ನಬೇಡಿ. ಹೋದವರ ಹೆಸರು ತೆಗೆದು ಮಾತಾಡಿ. "ಆಸ್ಪತ್ರೆಗೆ ಸೇರಿಸಿದ್ರೆ ಉಳೀತಿದ್ರೇನೋ" ಅನ್ನುವ ಕೊರಗು ನೋಡಿಕೊಂಡವರನ್ನೇ ಜಾಸ್ತಿ ಕಾಡುತ್ತದೆ. ಒಂದು ಸಲ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಉತ್ತರ ಕೇಳಿಸಿ. ಮಕ್ಕಳಿಗೆ "ಅಜ್ಜ ಮಲಗಿದ್ದಾರೆ" ಅಂದರೆ ಅವರು ಮಲಗಲೇ ಹೆದರುತ್ತಾರೆ. "ಸತ್ತುಹೋದರು, ಇನ್ನು ಬರುವುದಿಲ್ಲ" ಅಂತ ಹೇಳಿ, ತಬ್ಬಿಕೊಳ್ಳಿ. ಶಾಲೆಯ ಟೀಚರಿಗೂ ತಿಳಿಸಿ. ಆರು ತಿಂಗಳಾದರೂ ಊಟ, ನಿದ್ದೆ, ಕೆಲಸ ಯಾವುದೂ ಹಾದಿಗೆ ಬಾರದಿದ್ದರೆ, ಅಥವಾ ಯಾವತ್ತೇ ಆಗಲಿ "ನಾನೂ ಹೋಗ್ಬೇಕು" ಅನ್ನುವ ಮಾತು ಬಂದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಒಂದೆರಡು ತಿಂಗಳಾದ ಮೇಲೆ ಮೂಲೆಯಲ್ಲಿರುವ ಸಾಮಾನುಗಳಿಗೆ ಕೈ ಹಾಕಿ. ಗಾಳಿ ಹಾಸಿಗೆಯನ್ನು ಸೋಪಿನ ನೀರಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಪಂಪ್ ಹಾಕಿ ಎಲ್ಲಾದರೂ ತೂತಾಗಿದೆಯಾ ನೋಡಿ. ವಾಕರ್, ಕಮೋಡ್ ಕುರ್ಚಿ, ಒಡೆಯದ ಡೈಪರ್ ಪ್ಯಾಕೆಟ್ ಒಟ್ಟು ಮಾಡಿ ಆಶಾ ಕಾರ್ಯಕರ್ತೆಗೆ ಹೇಳಿಡಿ. ಅಪ್ಪನ ಹಾಸಿಗೆ ಈಗ ಐದನೇ ಮನೆಯಲ್ಲಿದೆ, ಕುಮಟಾ ಹತ್ತಿರ. ಕೊಡುವಾಗ ಆಯಿ ಜೊತೆಗೆ ಹಾಳೆ ಬೀಸಣಿಕೆಯನ್ನೂ ಕಟ್ಟಿ ಕಳಿಸಿದಳು.